ತುದಿಯ ಹಣ್ಣು

“ನೀವೇ ಒಂದ್ಸಲ ಬಂದು ನೋಡಿ ಹೇಳಿಬಿಡಿ ಮೇಡಂ, ನಮಗೇನು ಗೊತ್ತಾಗುತ್ತೆ” ಎಂದು ಗಂಡ ಮೋಹನ್‌ಬಾಬು ಫೋನಿನಲ್ಲಿ ಹೇಳಿದ್ದು, ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ಕವಿತಳಿಗೆ ಚಟಪಟ ಸದ್ದಿನ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು. ಅವನ ದನಿಗಳೆಲ್ಲ ಅವಳಿಗೆ ಗೊತ್ತು. ಬ್ಯಾಂಕಿನ ಮ್ಯಾನೇಜರಿಗೆ ಒಂದು, ತೋಟದ ಆಳುಗಳಿಗೆ ಒಂದು, ತನಗೆ ಒಂದು. ಇದು ಹೊಸದು, ಹೋದ ವರ್ಷ ಹುಟ್ಟಿಕೊಂಡದ್ದು. ಈ ದನಿಯಲ್ಲಿ ಮಾತಾಡುವಾಗ ಅವನು ನಿಂತಲ್ಲಿ ನಿಲ್ಲುವುದಿಲ್ಲ, ಹಾಲಿನ ಆ ಕೊನೆಯಿಂದ ಈ ಕೊನೆಗೆ ನಡೆಯುತ್ತಾನೆ, ಯಾರೂ ಕಾಣದಿದ್ದರೂ ಹೊಟ್ಟೆ ಎಳೆದುಕೊಳ್ಳುತ್ತಾನೆ. ಇವತ್ತು ಬೆಳಿಗ್ಗೆ ಮೀಸೆಗೆ ಬಣ್ಣ ಹಚ್ಚಿಕೊಂಡಿದ್ದ. ಮೇಲ್ತುಟಿಯ ಚರ್ಮಕ್ಕೂ ಸ್ವಲ್ಪ ಹತ್ತಿ ಕಪ್ಪಾಗಿತ್ತು. ಕವಿತ ಅದನ್ನು ನೋಡಿಯೂ ಹೇಳಲಿಲ್ಲ. ಹಾಗೇ ಹೋಗಿ ನಿಲ್ಲಲಿ ಅವಳ ಮುಂದೆ ಎಂದುಕೊಂಡಳು. ‘ನಮಗೇನು ಗೊತ್ತಾಗುತ್ತೆ’ ಎನ್ನುವಾಗ ತನ್ನನ್ನೂ ಆ ಮಾತಿನೊಳಗೆ ಎಳೆದು ಹಾಕಿಕೊಂಡನಲ್ಲ! ಗೊತ್ತಾಗದಿದ್ದರೆ ಅವನಿಗೆ ಗೊತ್ತಾಗುವುದಿಲ್ಲ, ಅಷ್ಟು ಹೇಳಲಿ. ಇಷ್ಟಕ್ಕೂ ವಿಷಯವೇನು? ಒಂದು ವೈನ್ ಕೂಲರ್. ಮನೆಯಲ್ಲಿ ಉಳಿದಿರುವ ಐದು ಬಾಟಲಿ ವೈನ್ ಇಡಲು ಒಂದು ಪೆಟ್ಟಿಗೆ ಕೊಳ್ಳಬೇಕು, ಯಾವುದು ಕೊಳ್ಳಬೇಕು, ಎಲ್ಲಿಡಬೇಕು ಎಂದು ಹೇಳಲು ವೈನ್ ಕಂಪನಿಯ ಸಂಘಮಿತ್ರ ಬರಬೇಕು.

ಬಾಟಲಿಗಳೇನೋ ಅವರ ತೋಟದವೇ. ಮಂಡಿಕಲ್ ಕಡೆಯ ತೋಟದಲ್ಲಿ ಮಾವನ ಕಾಲದಿಂದ ಇದ್ದ ಕಪ್ಪು ದ್ರಾಕ್ಷಿಯನ್ನು ಕಿತ್ತು, ಅದೇ ಕಲ್ಲುಕಂಬಗಳ ನಡುವೆ ವೈನ್ ದ್ರಾಕ್ಷಿ ಹಾಕಿದ್ದು ಮೋಹನ್‌ಬಾಬುವಿನ ಸಾಹಸ. ಹೋದ ವರ್ಷ ಮೊದಲ ಫಸಲು ಕಂಪನಿಗೆ ಹೋಯಿತು. ದೀಪಾವಳಿ ಕಳೆದ ಮೇಲೆ ಕಂಪನಿಯವರು ‘ನಿಮ್ಮ ಹಣ್ಣಿನದೇ’ ಎಂದು ಒಂದು ಪೆಟ್ಟಿಗೆ ಬಾಟಲಿ ಕಳಿಸಿದರು. ಕುಡಿಯುವವರು ಯಾರೂ ಇಲ್ಲದ ಮನೆಯಲ್ಲಿ ಅವು ಬೀರುವಿನ ಮೇಲೆ ಹತ್ತಿ ಕುಳಿತವು. ಬಂದವರಿಗೆಲ್ಲ ಅವನು ಅದನ್ನು ಇಳಿಸಿ ತೋರಿಸುವುದು, ಮತ್ತೆ ಹತ್ತಿಸುವುದು. ಶಿವರಾತ್ರಿ ಕಳೆದು ಬಿಸಿಲು ಏರಿದ್ದೇ ಒಂದು ಬಾಟಲಿಯ ಬಿರಡೆ ತಾನಾಗಿ ಮೇಲೆದ್ದು, ವೈನೆಲ್ಲ ಬೀರುವಿನ ಸಂದಿನಿಂದ ಒಳಗಿಳಿದು, ಕವಿತಳ ಧಾರೆ ಸೀರೆಯ ಸೆರಗಿನಲ್ಲಿ ಇಂಗಿತು. ಅವಳು ಅಳಬೇಕೆಂದಿದ್ದಳು. ಅಷ್ಟರಲ್ಲಿ ಅವನು ಫೋನ್ ತೆಗೆದು ಸೀರೆಯದಲ್ಲ, ಬಾಟಲಿಯ ಫೋಟೋ ತೆಗೆದು ಆಕೆಗೆ ಕಳಿಸಿದ. ಉತ್ತರ ಓದಿ ಮುಖ ಅರಳಿಸಿಕೊಂಡು, “ವೈನು ಬಿಸೀಲಿ ಇಡಬಾರದಂತೆ ಕಣೇ, ಅದಕ್ಕೂ ಉಸಿರಿರುತ್ತಂತೆ” ಎಂದ. ಸೀರೆಗೆ ಉಸಿರಿರಲಿಲ್ಲ ಅಷ್ಟೆ.

ಹನ್ನೊಂದರ ಹೊತ್ತಿಗೆ ಸ್ಕೂಟರ್ ನಿಂತ ಸದ್ದಾಯಿತು. ಸಂಘಮಿತ್ರ ಹೆಲ್ಮೆಟ್ಟನ್ನು ಕಟ್ಟೆಯ ಮೇಲಿಟ್ಟು, ಚಪ್ಪಲಿ ಬಿಟ್ಟು, “ಅಕ್ಕ, ಎಷ್ಟು ಬಿಸಿಲು ಅಲ್ವಾ” ಎನ್ನುತ್ತ ನೇರ ಒಳಗೆ ಬಂದಳು. ಮೂವತ್ತು ದಾಟಿರಲಾರದು. ಕತ್ತಿನ ಬೆವರನ್ನು ದುಪಟ್ಟಾದ ತುದಿಯಿಂದ ಒರೆಸಿಕೊಳ್ಳುತ್ತ, ಫ್ಯಾನಿನ ಕೆಳಗೆ ಯಾರದೋ ಮನೆ ಎಂಬ ಸಂಕೋಚವಿಲ್ಲದೆ ನಿಂತಳು. ಹೆಗಲ ಮೇಲೆ ದಪ್ಪ ಚೀಲ. ಅದರಿಂದ ಅಳತೆಯ ಟೇಪು ತೆಗೆದಳು. ಟೇಪಿನ ತುದಿಯನ್ನು ಮೋಹನ್‌ಬಾಬು ಹಿಡಿದುಕೊಂಡ. ಹಾಲಿನಲ್ಲಿ ಟಿವಿಯ ಪಕ್ಕದ ಜಾಗ ಅವನ ಆಸೆ. ಗಾಜಿನ ಬಾಗಿಲು, ಒಳಗೆ ನೀಲಿ ದೀಪ, ಬಂದವರಿಗೆ ಬಾಗಿಲಲ್ಲೇ ಕಾಣಬೇಕು. “ಇಲ್ಲಿ ಸಂಜೆ ಬಿಸಿಲು ನೇರ ಬೀಳುತ್ತೆ ಸರ್, ಬೇಡ” ಎಂದು ಅವಳು ಒಂದೇ ಮಾತಿನಲ್ಲಿ ಆ ಆಸೆಯನ್ನು ತೆಗೆದುಹಾಕಿದಳು. ಇದೇ ಮಾತನ್ನು ಕವಿತ ಟಿವಿಯ ವಿಷಯದಲ್ಲಿ ಎಷ್ಟು ಸಲ ಹೇಳಿರಲಿಲ್ಲ! ‘ನಿಂದೊಂದು’ ಎಂದಿದ್ದವನು ಈಗ, “ಹೌದಲ್ವಾ ಮೇಡಂ, ನಂಗೆ ಹೊಳೀಲೇ ಇಲ್ಲ ನೋಡಿ” ಎಂದು ನಕ್ಕ. ಊಟದ ಕೋಣೆಯಲ್ಲಿ ವಾಷಿಂಗ್ ಮಷಿನ್ನು ತಿರುಗುವಾಗ ನೆಲ ಅದುರುತ್ತದೆ, ವೈನಿಗೆ ಅಲುಗಾಟ ಆಗದು. ಅಡಿಗೆಮನೆಯಲ್ಲಿ ಒಲೆಯ ಕಾವು. ತನ್ನ ಅಡಿಗೆಮನೆಯ ಗೋಡೆಯ ಮೇಲೆ ಇನ್ನೊಬ್ಬಳು ಅಂಗೈಯಿಟ್ಟು ಕಾವು ನೋಡುವುದನ್ನು ಕವಿತ ಬಾಗಿಲಿಗೆ ಒರಗಿ ನೋಡಿದಳು. ಎಣ್ಣೆಯ ಜಿಡ್ಡು ಅವಳ ಅಂಗೈಗೆ ಹತ್ತಿರಬೇಕು. ಹತ್ತಲಿ ಎಂದೂ ಅನ್ನಿಸಿತು, ನಿನ್ನೆಯೇ ಒರೆಸಬೇಕಿತ್ತು ಎಂದೂ ಅನ್ನಿಸಿತು.

“ಫ್ರಿಜ್ಜಲ್ಲೇ ಇಟ್ಟರೆ ಆಗಲ್ವಾ? ಕೆಳಗಿನ ಖಾನೆ ಖಾಲಿ ಇದೆ” ಎಂದು ಬಾಯಿ ತಪ್ಪಿ ಕೇಳಿದಳು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸುಮ್ಮನೆ ಅರೆಗಳಿಗೆ. ಸಂಘಮಿತ್ರ ತಕ್ಷಣ, “ಎಲ್ಲರೂ ಹಂಗೇ ಅನ್ಕೊಳ್ತಾರೆ ಅಕ್ಕ. ಫ್ರಿಜ್ಜು ತುಂಬ ತಣ್ಣಗೆ, ಒಳಗಿನ ಗಾಳಿ ಒಣ. ಬಿರಡೆ ಒಣಗಿ ಸಂದು ಬಿಡುತ್ತೆ. ಆಮೇಲೆ ಸಾರಿನ ವಾಸ್ನೆ ಎಲ್ಲ ಒಳಗೋಗುತ್ತೆ” ಎಂದು ಮೆತ್ತಗೆ ವಿವರಿಸಿದಳು. ಆದರೆ ಆ ಅರೆಗಳಿಗೆ ಆಗಿ ಹೋಗಿತ್ತು. ಗಂಡನ ತುಟಿಯ ಕೊನೆಯಲ್ಲಿ ಎದ್ದ ನಗೆಯ ಮೊನೆ ಕವಿತಳಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಎಲ್ಲರೂ ಅಂದುಕೊಳ್ಳುವುದನ್ನೇ ಅಂದುಕೊಳ್ಳುವ ಹೆಂಗಸು ತಾನು. ಹೊಟ್ಟೆಕಿಚ್ಚಿಗೆ ತಣ್ಣೀರು ಹಾಕ್ಕೋ ಎಂದು ಅವಳ ತಾಯಿ ಶ್ಯಾಮಲಮ್ಮ ಬೈಯುತ್ತಿದ್ದಳು. ಎಷ್ಟು ಕೊಡ ಹಾಕಬೇಕು, ಯಾವ ಡಿಗ್ರಿಯದು ಹಾಕಬೇಕು, ಅದನ್ನೂ ಈ ಹುಡುಗಿಯನ್ನೇ ಕೇಳಿ ತಿಳಿದುಕೊಳ್ಳಬೇಕೇನೋ. ಅವರಿಬ್ಬರ ನಡುವೆ ಏನೋ ಇದೆ ಎಂಬ ಸಂಶಯ ಕವಿತಳಿಗೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅತ್ತಿಗೆಯರಿಗೆ ಹೇಳಿ ಅಳಬಹುದಿತ್ತು, ನಾಲ್ಕು ಜನ ತನ್ನ ಕಡೆ ನಿಲ್ಲುತ್ತಿದ್ದರು. ಇದು ಯಾರಿಗೂ ಹೇಳಲಾಗದ ಅಸೂಯೆ. ಹೇಳಿದರೆ ನಗುತ್ತಾರೆ. ಗಂಡನನ್ನು ಕಸಿದುಕೊಂಡಳು ಎನ್ನಬಹುದು, ನನ್ನ ನಾಲಿಗೆಯ ಕೆಲಸ ಕಸಿದುಕೊಂಡಳು ಎಂದು ಯಾರ ಹತ್ತಿರ ಹೇಳುವುದು?

ಅತ್ತೆ ಚಿಕ್ಕವೆಂಕಟಮ್ಮ ಬದುಕಿದ್ದಾಗ ಈ ಮನೆಯ ದ್ರಾಕ್ಷಿ ಕೊಯ್ಯಬೇಕೋ ಬೇಡವೋ ಎಂದು ಹೇಳುತ್ತಿದ್ದವಳು ಅವಳು. ಕೊಯ್ಲಿನ ದಿನ ಹತ್ತಿರ ಬಂದಾಗ ಬೆಳಗಿನ ಜಾವ ತೋಟದಿಂದ ಒಂದು ಗೊಂಚಲು ಬರಬೇಕು. ಮನೆಯ ಹೆಂಗಸು ಬರಿ ಹೊಟ್ಟೆಯಲ್ಲಿ, ಬಾಯಿಗೆ ಕಾಫಿ ಸೋಕುವ ಮೊದಲು, ಗೊಂಚಲಿನ ತುದಿಯ ಹಣ್ಣನ್ನು ತಿನ್ನಬೇಕು. ಮೇಲಿನ ಹಣ್ಣು ಎಲ್ಲರಿಗೂ ಸಿಹಿಯೇ, ತುದಿಯದು ಕೊನೆಗೆ ಹಣ್ಣಾಗುತ್ತದೆ, ಅದು ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದಳು ಅತ್ತೆ. ಸಿಪ್ಪೆ ಅಗಿಯಬೇಕು, ಬೀಜ ಕಚ್ಚಬೇಕು, ಆಮೇಲೆ ಅಂಗೈಗೆ ಉಗಿದು ಬೀಜದ ಬಣ್ಣ ನೋಡಬೇಕು. ಮದುವೆಯಾದ ಮೂರನೆಯ ವರ್ಷ ಅತ್ತೆ ನಾಲಿಗೆ ಕೆಟ್ಟಿತೆಂದು ತಾನೇ ಗೊಂಚಲನ್ನು ಇವಳ ಕಡೆ ತಳ್ಳಿ, “ಇನ್ನ ನೀನೇ ನೋಡಮ್ಮ” ಎಂದಿದ್ದಳು. ಆ ದಿನದಿಂದ ಮೋಹನ್‌ಬಾಬು ಅವಳಿನ್ನೂ ಹಾಸಿಗೆಯಲ್ಲಿರುವಾಗಲೇ, ಇಬ್ಬನಿ ಹತ್ತಿದ ಕೈಯಲ್ಲಿ ತುದಿಯ ಹಣ್ಣನ್ನು ಅವಳ ತುಟಿಗಿಡುತ್ತಿದ್ದ. ಏನಂತೀಯ, ಕೊಯ್ಯಣ್ವಾ? ಅವಳು ಕಣ್ಣು ಮುಚ್ಚಿಕೊಂಡೇ ಅಗಿಯುತ್ತಿದ್ದಳು. ಅವಳು ಹ್ಞೂಂ ಅನ್ನುವವರೆಗೂ ತೋಟದ ಗೇಟಿನಲ್ಲಿ ಕೂಲಿಯವರು ಬುಟ್ಟಿ ಹಿಡಿದು ಕೂತಿರುತ್ತಿದ್ದರು. ಬೇರೆ ಯಾವ ವಿಷಯದಲ್ಲೂ ಅವಳ ಮಾತು ಈ ಮನೆಯಲ್ಲಿ ಅಷ್ಟು ನಡೆದದ್ದಿಲ್ಲ. ಹೋದ ವರ್ಷವೂ ಅವಳು ಕಾಫಿ ಕುಡಿಯದೆ ಕಾದಳು. ಏಳಾಯಿತು, ಎಂಟಾಯಿತು. ಹತ್ತು ಗಂಟೆಗೆ ಬಂದವನು, “ಕೊಯ್ಲು ಶುರುವಾಯ್ತು ಕಣೇ. ಮೇಡಂ ಅಳೆದು ನೋಡಿದ್ರು” ಎಂದ. ಗೇಣುದ್ದದ ಒಂದು ಕೊಳವೆ. ಗಾಜಿನ ಮೇಲೆ ಒಂದು ತೊಟ್ಟು ರಸ ಹಿಂಡಿ, ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಿದರೆ ಹಣ್ಣಿನ ಸಕ್ಕರೆ ಎಷ್ಟು ಅಂತ ಅಂಕಿ ಕಾಣುತ್ತದಂತೆ. ಕವಿತ ತಣ್ಣಗಾದ ಕಾಫಿಯನ್ನು ಬಿಸಿಮಾಡದೆ ಕುಡಿದಳು. ಯಾಕೆ ಕಾದೆ ಎಂದು ಅವನು ಕೇಳಲಿಲ್ಲ. ಕಾದಿದ್ದಾಳೆ ಎಂಬುದೇ ಅವನಿಗೆ ಗೊತ್ತಾಗಲಿಲ್ಲ.

“ಇಲ್ಲಿ ಅಕ್ಕ!” ಎಂದು ಸಂಘಮಿತ್ರ ಕೂಗಿದ್ದು ಮೆಟ್ಟಿಲ ಕೆಳಗಿನಿಂದ. ಅತ್ತೆ ಉಪ್ಪಿನಕಾಯಿ ಜಾಡಿ ಇಡುತ್ತಿದ್ದ ಮೂಲೆ ಅದು. ಹಳೆಯ ಮನೆಯ ಕಲ್ಲುಗೋಡೆ ಉಳಿದಿದ್ದ ಒಂದೇ ಜಾಗ. ಅವಳು ಬಗ್ಗಿ ಒಳಹೊಕ್ಕು ಗೋಡೆಗೆ ಅಂಗೈಯನ್ನಷ್ಟೇ ಅಲ್ಲ, ಕೆನ್ನೆಯನ್ನೂ ಇಟ್ಟಿದ್ದಳು. “ಎಷ್ಟು ತಣ್ಣಗಿದೆ ನೋಡಿ. ಇಲ್ಲೇ ಇಡಿ, ಮಷಿನ್ನಿಗೆ ಅರ್ಧ ಕೆಲಸ ಕಮ್ಮಿ. ಮೊದ್ಲು ಏನಿಡ್ತಿದ್ರಿ ಇಲ್ಲಿ?” ಕವಿತ ಹೇಳಿದಳು. “ನಿಮ್ಮತ್ತೆಗೆ ಗೊತ್ತಿತ್ತು ಬಿಡಿ” ಎಂದು ಸಂಘಮಿತ್ರ ನಕ್ಕಳು. ಅತ್ತೆಗೆ ಬೇರೆಯದೂ ಗೊತ್ತಿತ್ತು. ಆ ಮೂಲೆಗೆ ಅವಳು ಮಡಿಯಿಲ್ಲದೆ ಸೊಸೆಯನ್ನೂ ಬಿಡುತ್ತಿರಲಿಲ್ಲ. ತನಗೆ ಪಾಠ ಹೇಳಿದ ಗೌರಿಬಿದನೂರಿನ ವೆಂಕಟರಾಯಪ್ಪ ಮೇಷ್ಟ್ರ ಮಗಳು ಈ ಸಂಘಮಿತ್ರ, ದಲಿತರ ಕಾಲೋನಿಯ ಹುಡುಗಿ, ಜಾಡಿಗಳ ಮೂಲೆಯ ಗೋಡೆಗೆ ಕೆನ್ನೆ ಇಡುವುದಿರಲಿ, ಪಡಸಾಲೆ ದಾಟುತ್ತಿದ್ದಳೇ ಅತ್ತೆಯ ಕಾಲದಲ್ಲಿ? ಈ ಯೋಚನೆ ಬಂದದ್ದಕ್ಕಿಂತ, ಬಂದ ಕೂಡಲೇ ಒಳಗೆಲ್ಲೋ ಹಾಯೆನಿಸಿದ್ದು ಕಂಡು ಕವಿತ ಬೆಚ್ಚಿದಳು. ತನಗೆ ಅಂಥದ್ದೆಲ್ಲ ಇಲ್ಲ ಎಂದುಕೊಂಡವಳು ಅವಳು. ಹಿತ್ತಿಲ ಗೋಡೆಯ ಗೂಡಿನಲ್ಲಿ ಕೂಲಿಯವರ ಲೋಟಗಳು ಬೇರೆಯಾಗಿ ಬೋರಲು ಕೂತಿರುತ್ತಿದ್ದವಲ್ಲ, ಅತ್ತೆ ತೀರಿಕೊಂಡ ತಿಂಗಳೇ ಅವನ್ನೆಲ್ಲ ಗುಜರಿಗೆ ಹಾಕಿ, ಬಂದವರಿಗೆಲ್ಲ, ಯಾರೇ ಆಗಲಿ, ಪೇಪರ್ ಲೋಟದಲ್ಲಿ ಕಾಫಿ ಕೊಡುವ ಪದ್ಧತಿ ತಂದದ್ದು ಅವಳೇ. ಎಲ್ಲರಿಗೂ ಒಂದೇ, ತೊಳೆಯುವ ಕೆಲಸವೂ ಇಲ್ಲ. ಆ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಅವರಿಬ್ಬರೂ ಸೋಫಾದಲ್ಲಿ ಕೂತು ಸಂಘಮಿತ್ರಳ ಫೋನಿನಲ್ಲಿ ಕೂಲರುಗಳನ್ನು ನೋಡತೊಡಗಿದರು. ಒಂದು ಫೋನು, ಎರಡು ತಲೆ. “ಇದು ಸದ್ದಿಲ್ಲದ್ದು ಸರ್, ಆದ್ರೆ ಕಂಪ್ರೆಸರ್ ಇಲ್ಲ, ನಮ್ಮ ಏಪ್ರಿಲ್ಲಿಗೆ ತಡ್ಕೊಳಲ್ಲ. ಕಂಪ್ರೆಸರ್ ಇರೋದೇ ತಗೊಳಿ. ಗಾಜು ಎರಡು ಪದರ ಇರ್ಬೇಕು. ಬಾಟಲಿ ಮಲಗಿಸಿಡೋಕೆ ಮರದ ತಟ್ಟೆ ಇರ್ಬೇಕು.” ಮೋಹನ್‌ಬಾಬುವಿಗೆ ದೊಡ್ಡದು ಬೇಕು, ಎರಡು ಅಂಕಣದ್ದು, ಕೆಂಪಿಗೊಂದು ಬಿಳಿಗೊಂದು. “ಬಿಳಿ ಎಲ್ಲಿದೆ ಸರ್ ನಿಮ್ಮತ್ರ? ಹದಿನೆಂಟು ಬಾಟಲಿದು ಸಾಕು” ಎಂದಳು. ಅವನು ಒಪ್ಪಿದ. ಹೆಂಡತಿ ಬೇಡ ಎಂದಿದ್ದರೆ ಇಪ್ಪತ್ತೆಂಟರದನ್ನೇ ತರುತ್ತಿದ್ದ. ಕವಿತ ಅಡಿಗೆಮನೆಯಲ್ಲಿ ಕಾಫಿ ಬೆರೆಸಿದಳು. ಪೇಪರ್ ಲೋಟದ ಕಟ್ಟು ಕಪಾಟಿನಲ್ಲಿತ್ತು. ಒಂದನ್ನು ಎಳೆದಳು. ಇನ್ನೆರಡು ಎಳೆಯಬೇಕಿತ್ತು. ಹಾಲಿನಿಂದ ಗಂಡನ ನಗು ಕೇಳಿಸಿತು. ಏನಕ್ಕೆ ನಕ್ಕನೋ, ಅಂಥ ನಗುವನ್ನು ಅವಳು ತನ್ನ ಮುಂದೆ ಕೇಳಿ ಎಷ್ಟು ದಿನವಾಯಿತೋ. ಕೈ ಕಟ್ಟನ್ನು ಬಿಟ್ಟು ಪಕ್ಕದ ಸ್ಟೀಲ್ ಲೋಟಗಳಿಗೆ ಹೋಯಿತು. ಎರಡು ಸ್ಟೀಲ್, ಒಂದು ಪೇಪರ್. ಅವಳಿಗೆ ಗೊತ್ತಿತ್ತು. ಕೈಗೆ ಸಿಕ್ಕಿದ್ದು ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳುತ್ತೇನೆ ಎಂಬುದೂ ಗೊತ್ತಿತ್ತು. ತಟ್ಟೆ ಹಿಡಿದು ಹೋದಾಗ ಮೋಹನ್‌ಬಾಬು ನೋಡದೆ ತನ್ನ ಲೋಟ ಎತ್ತಿಕೊಂಡ. ಸಂಘಮಿತ್ರ ತಟ್ಟೆಯನ್ನು ನೋಡಿದಳು, ಪೇಪರ್ ಲೋಟ ತೆಗೆದುಕೊಂಡಳು, ಎರಡು ನಿಪ್ಪಟ್ಟನ್ನೂ ತೆಗೆದುಕೊಂಡು ಕಟಕಟನೆ ತಿಂದಳು. “ನಿಪ್ಪಟ್ಟು ಚೆನ್ನಾಗಿದೆ ಅಕ್ಕ” ಎಂದಳು. ಕವಿತ ತಾನೂ ಒಂದು ನಿಪ್ಪಟ್ಟು ಮುರಿದು ಬಾಯಿಗೆ ಹಾಕಿಕೊಂಡಳು. ಏನೂ ಆಗಿಲ್ಲ ಎಂದು ತೋರಿಸಲು ಬೇರೆ ದಾರಿ ಕಾಣಲಿಲ್ಲ.

ಆರ್ಡರ್ ಮಾಡಿದ್ದಾಯಿತು. ಇನ್ನು ಎದ್ದು ಹೋಗುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಸಂಘಮಿತ್ರ, “ಸರ್, ಒಂದು ಬಾಟಲಿ ತೆಗೀರಿ. ಬಿಸಿಲಿಗೆ ಉಳಿದವು ಕೆಟ್ಟಿವೆಯೋ ಏನೋ ನೋಡ್ಬೇಕಲ್ಲ, ಕೆಟ್ಟಿರೋದಕ್ಕೆ ಕೂಲರ್ ಯಾಕೆ” ಎಂದಳು. ಚೀಲಕ್ಕೆ ಕೈಹಾಕಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಮೂರು ಗಾಜಿನ ಲೋಟ ತೆಗೆದಳು. ಸಣ್ಣ ಕಾಲಿನ, ಹೊಟ್ಟೆ ದುಂಡಗಿನ ಲೋಟಗಳು. “ಎಲ್ಲಿಗೋದ್ರೂ ನಂದೇ ಲೋಟ ತಗೊಂಡೋಗ್ತೀನಿ. ಕೆಲಸಕ್ಕೂ ಬೇಕು. ಅಪ್ಪನ ಅಭ್ಯಾಸ ನಂಗೂ ಬಂದ್ಬಿಟ್ಟಿದೆ” ಎಂದು ಪೇಪರ್ ಲೋಟವನ್ನು ಮಡಿಸಿ ತಟ್ಟೆಯ ಅಂಚಿಗಿಟ್ಟಳು. ಮಾತಿನಲ್ಲಿ ಏನಾದರೂ ಇತ್ತೋ ಇಲ್ಲವೋ ಕವಿತಳಿಗೆ ತಿಳಿಯಲಿಲ್ಲ. ಅಪ್ಪನ ಅಭ್ಯಾಸ ಅವಳಿಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ವೆಂಕಟರಾಯಪ್ಪ ಮೇಷ್ಟ್ರು ವಿಜ್ಞಾನದ ಪಾಠ ಮುಗಿಸಿ, ಚೀಲದಿಂದ ತಮ್ಮದೇ ಸ್ಟೀಲ್ ಲೋಟ ತೆಗೆದು, ನೀರಿನ ಹಂಡೆಯ ಹತ್ತಿರ ಹುಡುಗರ ಕೈಲಿ ಮೇಲಿನಿಂದ ಹೊಯ್ಯಿಸಿಕೊಂಡು ಕುಡಿಯುತ್ತಿದ್ದರು. ಕವಿತ ಹತ್ತನೆಯಲ್ಲಿ ಒಳ್ಳೆಯ ಅಂಕ ತೆಗೆದಾಗ ಹೇಳಿಹೋಗಲು ಮನೆಯವರೆಗೆ ಬಂದಿದ್ದರು. ಜಗಲಿಯಲ್ಲೇ ಕೂತರು. ಶ್ಯಾಮಲಮ್ಮ ಚೊಂಬು ಹಿಡಿದು ಬಾಗಿಲಲ್ಲಿ ಏನು ಮಾಡುವುದೆಂದು ತಿಳಿಯದೆ ನಿಂತಾಗ ಮೇಷ್ಟ್ರೇ ನಗುತ್ತ ಚೀಲದಿಂದ ಲೋಟ ತೆಗೆದು ಒಡ್ಡಿದರು. ಅವರು ಹೋದ ಮೇಲೆ ಅಮ್ಮ, “ಮೇಷ್ಟ್ರು ಎಂಥ ಅಚ್ಚುಕಟ್ಟು ನೋಡು” ಎಂದು ನಿಟ್ಟುಸಿರು ಬಿಟ್ಟಳು. ಕವಿತಳೂ ಬಹಳ ವರ್ಷ ಅದನ್ನು ಅಚ್ಚುಕಟ್ಟೆಂದೇ ತಿಳಿದಿದ್ದಳು. ತಾನೂ ಕಾಲೇಜಿಗೆ ಒಂದು ಲೋಟ ಒಯ್ಯಬೇಕು ಎಂದು ಆಸೆಪಟ್ಟಿದ್ದಳು.

ಸಂಘಮಿತ್ರ ಬಿರಡೆ ತೆಗೆದು ಮೂರೂ ಲೋಟಕ್ಕೆ ಎರಡೆರಡು ಬೆರಳಿನಷ್ಟು ಹೊಯ್ದಳು. ಮೂಸಿದಳು, ಒಂದು ಗುಟುಕು ಬಾಯಲ್ಲಿ ಆಡಿಸಿದಳು. “ಕೆಟ್ಟಿಲ್ಲ ಸರ್” ಎಂದಳು. ಮೋಹನ್‌ಬಾಬು ಕಷಾಯ ಕುಡಿದವನ ಮುಖ ಮಾಡಿ ‘ಸೂಪರ್’ ಎಂದ. ಆಮೇಲೆ ಅವಳು ಮೂರನೆಯ ಲೋಟವನ್ನು ಅದರ ಗಾಜಿನ ಕಾಲು ಹಿಡಿದು ಕವಿತಳ ಕಡೆ ಚಾಚಿದಳು. “ಅಕ್ಕ, ಇದು ನಿಮಗೆ. ನಾನು ಇವತ್ತು ಬಂದಿದ್ದೇ ಅರ್ಧ ಇದಕ್ಕೆ. ನಿಮ್ಮ ನಾಲಿಗೆ ವಿಷ್ಯ ಸರ್ ಮೊನ್ನೆ ಹೇಳಿದ್ರು, ತುದಿ ಹಣ್ಣು ತಿಂದು ಹೇಳ್ತಿದ್ರಂತಲ್ಲ. ನಂ ಕೊಳವೆ ಸಕ್ಕರೆ ಎಷ್ಟು ಅಂತ ಹೇಳುತ್ತೆ, ಹಣ್ಣಾಗಿದ್ಯೋ ಇಲ್ವೋ ಹೇಳಲ್ಲ. ಹೋದ ವರ್ಷ ನಾನು ಆತುರ ಮಾಡಿದ್ನೇನೋ ಅಂತ ನಂಗೆ ಡೌಟು. ಕುಡಿದು ಹೇಳಿ. ಈ ಸಲಾನೂ ಅಂಕಿ ಅಲ್ಲಿಗೇ ಬಂದು ನಿಂತಿದೆ, ನಾಳೆ ಕೊಯ್ಯಬೇಕು ಅಂತಿದ್ದೀವಿ. ನೀವು ಬೇಡ ಅಂದ್ರೆ ನಿಲ್ಲಿಸ್ತೀನಿ.” ನಿಲ್ಲಿಸ್ತೀನಿ. ಒಂದು ವರ್ಷದಿಂದ ಕವಿತ ಕಾದದ್ದು ಈ ಮಾತಿಗೆ. ಅದು ಗಂಡನ ಬಾಯಿಂದ ಬರಬೇಕಿತ್ತು, ಹಾಸಿಗೆಯ ಅಂಚಿನಲ್ಲಿ ಕೂತು, ಇಬ್ಬನಿಯ ಕೈಯಲ್ಲಿ. ಬಂದದ್ದು ಇವಳಿಂದ. ನನ್ನದನ್ನೇ ಕಸಿದು ನನಗೇ ದಾನ ಕೊಡುತ್ತಿದ್ದಾಳೆ. ಅವನೋ, ಲೋಟ ಹಿಡಿದ ಅವಳ ಕೈಯನ್ನೇ ನೋಡುತ್ತಿದ್ದಾನೆ, ಎಂಥ ದೊಡ್ಡ ಮನಸ್ಸು ಎಂಬಂತೆ. ಕವಿತಳ ಕೈ ಮಡಿಲಲ್ಲೇ ಇತ್ತು. ಎತ್ತಬೇಕು ಎಂದುಕೊಂಡಳು. ಲೋಟದ ಅಂಚು ಸ್ವಚ್ಛವಾಗಿತ್ತು, ಬೆಳಕಿನಲ್ಲಿ ಹೊಳೆಯುತ್ತಿತ್ತು. ಎಷ್ಟು ಬಾಯಿಗಳು ಇದರಲ್ಲಿ, ಅವಳ ಬಾಯಿ ಎಷ್ಟು ಸಲ. ಅಸೂಯೆ ಎಲ್ಲಿ ಮುಗಿದು ಅತ್ತೆ ಎಲ್ಲಿ ಶುರುವಾದಳೋ ಅವಳಿಗೇ ತಿಳಿಯಲಿಲ್ಲ. “ನಂಗೆ ಇವತ್ತು ಒಪ್ಪೊತ್ತು” ಎಂದು ಬಾಯಿ ಹೇಳಿತು. “ಬಾಯಿಗೇನೂ ಹಾಕ್ಕೊಳಂಗಿಲ್ಲ.”

“ಏಯ್, ಈಗ ತಾನೆ ನಿಪ್ಪಟ್ಟು ತಿಂದ್ಯಲ್ಲೇ!” ಎಂದ ಮೋಹನ್‌ಬಾಬು. ಕೇಡಿಲ್ಲದೆ, ನಿಜವಾಗಿ ಆಶ್ಚರ್ಯಪಟ್ಟು ಹೇಳಿದ. ಕವಿತಳ ಹಲ್ಲಿನ ಸಂದಿನಲ್ಲಿ ಇನ್ನೂ ಕಡಲೆಬೀಜದ ಚೂರಿತ್ತು. ಸಂಘಮಿತ್ರ ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು. ಇದು ಅವಳಿಗೆ ಹೊಸದಲ್ಲ ಎಂಬುದು ಆ ನಿಧಾನದಲ್ಲೇ ಕಾಣುತ್ತಿತ್ತು. “ಬಿಡಿ ಸರ್, ಬಲವಂತ ಬೇಡ” ಎಂದಳು. ಎರಡು ಲೋಟಗಳನ್ನು ತಾನೇ ಸಿಂಕಿಗೆ ಒಯ್ದು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿದಳು. ಮೂರನೆಯದನ್ನು ವೈನ್ ಸಮೇತ ಎತ್ತಿ ಮೆಟ್ಟಿಲ ಕೆಳಗಿನ ತಂಪು ಮೂಲೆಯಲ್ಲಿಟ್ಟಳು. “ಆಮೇಲೆ ಕುಡೀಬೇಕು ಅನ್ನಿಸಿದ್ರೆ ಕುಡೀರಿ. ಇಲ್ದಿದ್ರೆ ಚೆಲ್ಲಿ. ಲೋಟ ಸರ್ ಕೈಲಿ ಕಳಿಸಿ ಮೇಡಂ.” ಬಂದಾಗಿನಿಂದ ಅಕ್ಕ ಎನ್ನುತ್ತಿದ್ದವಳು. ಮೋಹನ್‌ಬಾಬು ಅದನ್ನು ಗಮನಿಸಲಿಲ್ಲ. ಅವನಿಗೆ ತೋಟಕ್ಕೆ ಹೋಗುವ ಆತುರ. ನಾಳೆಯ ಕೂಲಿಯವರಿಗೆ, ಲಾರಿಯವನಿಗೆ ಹೇಳಬೇಕು. ಅವಳ ಸ್ಕೂಟರು ಮುಂದೆ, ಇವನ ಬೈಕು ಹಿಂದೆ, ಗಲ್ಲಿಯ ತಿರುವಿನಲ್ಲಿ ಮರೆಯಾದವು.

ಕವಿತ ಊಟ ಮಾಡಲಿಲ್ಲ. ಸುಳ್ಳಾದರೂ ನಿಜವಾಗಲಿ ಎಂಬ ಹಟ. ಮಡಿಸಿಟ್ಟ ಪೇಪರ್ ಲೋಟವನ್ನು ಎತ್ತಿ ಬಿಸಾಡಿದಳು. ಮಲಗಿದಳು, ಎದ್ದಳು. ಅವಳು ಮೇಷ್ಟ್ರ ಮಗಳಲ್ಲದೆ ಇನ್ಯಾರೋ ಆಗಿದ್ದರೆ ತಾನು ಲೋಟ ತೆಗೆದುಕೊಳ್ಳುತ್ತಿದ್ದೆನೇ? ತೆಗೆದುಕೊಳ್ಳುತ್ತಿರಲಿಲ್ಲ, ಆಗ ಬೇರೆ ಸುಳ್ಳು ಹುಡುಕುತ್ತಿದ್ದೆ ಎಂದು ವಾದಿಸಿಕೊಂಡಳು. ಹಾಗಿದ್ದರೆ ಈ ಸುಳ್ಳೇ ಯಾಕೆ ಅಷ್ಟು ಬೇಗ ಬಾಯಿಗೆ ಬಂತು? ಬಿಸಿಲು ಹಾಲಿನೊಳಗೆ ಇಳಿದು ಟಿವಿಯ ಮೇಲೆ ಬಿದ್ದ ಹೊತ್ತಿಗೆ ಅವಳು ಮೆಟ್ಟಿಲ ಕೆಳಗೆ ಬಗ್ಗಿ ಲೋಟ ಎತ್ತಿಕೊಂಡಳು. ಯಾರೂ ಇರಲಿಲ್ಲ. ಆದರೂ ಬಾಗಿಲ ಕಡೆ ನೋಡಿದಳು. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಮೊದಲು ಹುಳಿ, ಆಮೇಲೆ ಹೆಂಡದ ಖಾರ, ನುಂಗಬೇಕೆನಿಸಲಿಲ್ಲ. ಅಗಿಯುವಂತೆ ಬಾಯಾಡಿಸಿದಳು. ಆಗ ನಾಲಿಗೆಯ ಹಿಂದೆ, ಒಸಡಿನ ಮೇಲೆ, ಅದು ಬಂದು ಕೂತಿತು. ಹಸಿ ಬೀಜ ಕಚ್ಚಿದಾಗಿನ ಒಗರು. ತುದಿಯ ಹಣ್ಣು ಹಣ್ಣಾಗಿರಲಿಲ್ಲ. ಬೀಜ ಇನ್ನೂ ಹಸಿರಿತ್ತು. ಒಂದು ವಾರ, ಹೆಚ್ಚೆಂದರೆ ಒಂದು ವಾರ ಬಿಡಬೇಕಿತ್ತು! ಅವಳಿಗೆ ಖುಷಿಯಾಯಿತು. ಒಂದು ವರ್ಷದಲ್ಲಿ ಅಷ್ಟು ಖುಷಿಯಾದದ್ದಿಲ್ಲ. ಆ ಕೊಳವೆಗೆ ತಿಳಿಯದ್ದು ತನಗೆ ತಿಳಿಯಿತು, ಕಡಲೆಬೀಜ, ಕಾಫಿ, ವಯಸ್ಸು ಯಾವುದೂ ನಾಲಿಗೆಯನ್ನು ಕೆಡಿಸಿಲ್ಲ. ಇನ್ನೊಂದು ಗುಟುಕು ಕುಡಿದಳು, ಇನ್ನೊಂದು, ಲೋಟ ಬರಿದಾಯಿತು. ತಕ್ಷಣ ಫೋನ್ ಮಾಡಿದಳು.

“ರೀ, ನಾಳೆ ಕೊಯ್ಯಬೇಡಿ. ಇನ್ನೊಂದು ವಾರ ಬಿಡಿ.”

“ಯಾಕೆ? ಲಾರಿ ಹೇಳಾಯ್ತಲ್ಲ.”

“ಹೋದ ವರ್ಷ ಬೇಗ ಕೊಯ್ದುಬಿಟ್ರಿ. ಬೀಜ ಹಸಿಯಿತ್ತು. ಈ ಸಲಾನೂ ಅದೇ ಆಗುತ್ತೆ.”

“ನಿಂಗ್ಹೆಂಗೆ ಗೊತ್ತಾಯ್ತು? ಕುಡಿದ್ಯಾ ಏನು?” ಅವನ ದನಿಯಲ್ಲಿ ನಗುವಿತ್ತು, ಹಳೆಯ ದನಿಯ ಅಂಚೂ ಇತ್ತು, ಅಥವಾ ಇದೆಯೆಂದು ಅವಳಿಗನ್ನಿಸಿತು. ಅದರ ಹಿಂದೆ ತೋಟದ ಗಾಳಿ, ಮತ್ತೆ ಸಂಘಮಿತ್ರಳ ದನಿ ಹತ್ತಿರ ಬಂತು. “ಮೇಡಂ ಅವ್ರಾ ಸರ್? ಏನಂತೆ?” ಅವನು, “ಇರಿ, ಕೇಳ್ತೀನಿ” ಎಂದ. ಆ ಕಡೆ ಇಬ್ಬರೂ ಕಾಯುತ್ತಿದ್ದಾರೆ. ಹ್ಞೂಂ ಎಂದರೆ ಸಾಕು. ಮೊದಲೆಲ್ಲ ಅದೊಂದೇ ಶಬ್ದಕ್ಕೆ ಇಡೀ ತೋಟ ಕಾಯುತ್ತಿತ್ತು. ಹ್ಞೂಂ ಎಂದರೆ ಬಾಗಿಲು ಮುಚ್ಚಿದ ಮನೆಯಲ್ಲಿ ಕದ್ದು ಕುಡಿದೆ ಎಂದ ಹಾಗೆ. ನಿನ್ನೆದುರು ಒಲ್ಲೆನೆಂದ ಲೋಟಕ್ಕೆ ನೀನಿಲ್ಲದಾಗ ಬಾಯಿಟ್ಟೆ ಎಂದ ಹಾಗೆ. ಅವಳು ಆಗ ಏನನ್ನುತ್ತಾಳೆ? ಏನೂ ಅನ್ನುವುದಿಲ್ಲ, ‘ಥ್ಯಾಂಕ್ಸ್ ಮೇಡಂ’ ಎನ್ನುತ್ತಾಳೆ, ಅದೇ ನಿಧಾನದಲ್ಲಿ. ಕೈಗೆ ಸಿಗದ ದ್ರಾಕ್ಷಿ ಹುಳಿ ಎಂದು ನಗುವ ಜನ ಇದ್ದಾರೆ, ಬಾಯಿಗೇ ಬಂದದ್ದನ್ನು ಉಗಿಯುವವರಿಗೆ ಯಾವ ಗಾದೆಯಿದೆಯೋ.

“ಇಲ್ಲಪ್ಪ. ನಾನ್ಯಾಕೆ ಕುಡೀಲಿ” ಎಂದಳು ಕವಿತ. “ಸುಮ್ನೆ, ಹಂಗನ್ನಿಸ್ತು.”

“ಸುಮ್ನೆ ಅನ್ನಿಸಿದ್ದಕ್ಕೆಲ್ಲ ಲಾರಿ ವಾಪಸ್ ಕಳಿಸಕ್ಕಾಗುತ್ತೇನೇ? ಇಡು” ಎಂದು ಅವನು ಫೋನ್ ಇಡುವ ಮುನ್ನ ಆ ಕಡೆಗೆ ತಿರುಗಿ, “ಏನಿಲ್ಲ ಮೇಡಂ, ಸುಮ್ನೆ” ಎಂದದ್ದೂ ಕೇಳಿಸಿತು.

ಬೆಳಿಗ್ಗೆ ಆರಕ್ಕೆ ಕತ್ತರಿಗಳು ಶುರುವಾಗುತ್ತವೆ. ತುದಿಯ ಹಣ್ಣು, ಮೇಲಿನ ಹಣ್ಣು ಎಲ್ಲ ಒಂದೇ ಬುಟ್ಟಿಗೆ ಬೀಳುತ್ತವೆ. ಮುಂದಿನ ದೀಪಾವಳಿ ಕಳೆದ ಮೇಲೆ ಒಂದು ಪೆಟ್ಟಿಗೆ ಬಾಟಲಿ ಬರುತ್ತದೆ, ಮೆಟ್ಟಿಲ ಕೆಳಗೆ ನೀಲಿ ದೀಪದಲ್ಲಿ ತಣ್ಣಗೆ ಮಲಗುತ್ತದೆ, ಆ ಒಗರು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಗಂಡ ಬರುವುದರೊಳಗೆ ಲೋಟ ತೊಳೆದಿಡಬೇಕು ಎಂದು ಅವಳು ಹಿತ್ತಿಲ ಕಲ್ಲಿನ ಹತ್ತಿರ ಹೋಗಿ, ಸೋಪು ಹಚ್ಚಿ, ಅಂಚನ್ನು ಎರಡು ಸಲ ಉಜ್ಜಿ, ನೀರು ಕೊಡವಿದಳು. ಸೀರೆಗೆ ಕೈ ಒರೆಸಿಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ತಿರುಗಿ ನೋಡಿದಳು. ಕೂಲಿಯವರ ಲೋಟಗಳು ಹೋದ ಮೇಲೆ ಅಷ್ಟು ವರ್ಷ ಖಾಲಿಯಿದ್ದ ಗೋಡೆಯ ಗೂಡಿನಲ್ಲಿ ಲೋಟ ಬೋರಲು ಕೂತು ನೀರಿಳಿಸುತ್ತಿತ್ತು. ಅಲ್ಲಿಟ್ಟದ್ದು ತನ್ನ ಕೈಯೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ತೆಗೆದು ಒಳಗಿಡಬೇಕು ಎಂದುಕೊಂಡಳು. ಒಸಡಿನ ಮೇಲೆ ಹಸಿ ಬೀಜದ ಒಗರು ಇನ್ನೂ ಹಾಗೇ ಇತ್ತು, ಅವಳು ಬಾಗಿಲಲ್ಲೇ ನಿಂತಿದ್ದಳು.